ಜೇಬಿನಲ್ಲಿದ್ದ ಫ್ಯೂಸ್

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದಿಟ್ಟು, ಕುಕ್ಕರ್ ಏರಿಸಿ, ಯಜಮಾನರ ಡಬ್ಬಿಗೆ ಚಪಾತಿ ಸುತ್ತಿದೆ. ಹಲಸೂರಿನ ನಮ್ಮ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ನಿಂತು ಉಗುರು ಕತ್ತರಿಸಿಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಉಗುರು ನೋಡಿಯೇ ಒಳಗೆ ಬಿಡುತ್ತಿದ್ದರು. ಐವತ್ತು ದಾಟಿದ ಮೇಲೂ ಪರೀಕ್ಷೆ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಅಂದು ನಮ್ಮ ವೈರಿಂಗ್ ತರಬೇತಿಯ ಕೊನೆಯ ಪರೀಕ್ಷೆ.

ಶಿವಾಜಿನಗರದಲ್ಲಿ ಮಟನ್ ಅಂಗಡಿಗಳ ಸಾಲಿನ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಆ ಕ್ಲಾಸು ನಡೆಯುತ್ತಿತ್ತು. ಬರುವವರೆಲ್ಲ ಮೂವತ್ತು ದಾಟಿದ ಹೆಂಗಸರು. ಒಂದು ಸ್ವಿಚ್ಚು ಕೆಟ್ಟರೂ ಯಾರಿಗೋ ಕಾಯುವುದು ಸಾಕಾಗಿ ನಾನು ಸೇರಿದ್ದೆ. ನನ್ನ ಜೋಡಿಯಾಗಿದ್ದ ಬೈಯಪ್ಪನಹಳ್ಳಿಯವಳು ಬದುಕಿಕೊಳ್ಳುವುದಕ್ಕೆ ಸೇರಿದ್ದಳು. ನಲವತ್ತರ ಆಸುಪಾಸಿನವಳು. ಪಾಸಾದರೆ ಸೋಮವಾರದಿಂದ ಇಂದಿರಾನಗರದ ಒಬ್ಬ ಕಂಟ್ರಾಕ್ಟರ್ ಬಳಿ ಅಪ್ರೆಂಟಿಸ್ ಕೆಲಸ. ಕೆಲಸ ಸಿಕ್ಕ ವಾರವೇ ಗಂಡನನ್ನು ಬಿಟ್ಟು ಬೇರೆ ರೂಮು ಮಾಡುವುದೆಂದು ತೀರ್ಮಾನಿಸಿದ್ದಳು. ಅವಳ ತೋಳಿನ ಗಾಯಗಳ ಬಣ್ಣ ಓದುವುದು ನನಗೆ ರೂಢಿಯಾಗಿಬಿಟ್ಟಿತ್ತು. ನೇರಳೆಯಾದರೆ ಹೊಸದು, ಹಳದಿಗೆ ತಿರುಗಿದ್ದರೆ ಹೋದ ವಾರದ್ದು.

ಕಲಿಸುತ್ತಿದ್ದವರು ಆ ಗಲ್ಲಿಯವರೇ ಆದ ಹಿರಿಯ ಎಲೆಕ್ಟ್ರಿಷಿಯನ್. ಎಲ್ಲರೂ ಉಸ್ತಾದ್ ಎನ್ನುತ್ತಿದ್ದೆವು. ಅವರದು ಒಂದು ಕಟ್ಟುನಿಟ್ಟು: ವೈರಿಗೆ ಕೈ ಹಾಕುವ ಮೊದಲು ಮೇನ್ ಇಳಿಸಿದರೆ ಸಾಲದು, ಅದರ ಪಕ್ಕದ ಪಿಂಗಾಣಿ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಕಿತ್ತವರೇ ಹಾಕಬೇಕು. "ಯಾರು ಕೇಳಿದ್ರೂ ಕೊಡ್ಬೇಡಿ. ನಾನು ಕೇಳಿದ್ರೂ ಕೊಡ್ಬೇಡಿ" ಎನ್ನುತ್ತಿದ್ದರು. ಸೀರೆಗೆ ಜೇಬು ಎಲ್ಲಿಂದ ಬರಬೇಕು? ಮನೆಯ ಮಿಷನ್ನಿನಲ್ಲಿ ಎಲ್ಲರ ಏಪ್ರನ್ನಿಗೂ ನಾನೇ ಜೇಬು ಹೊಲಿದುಕೊಟ್ಟಿದ್ದೆ.

ಗೋಡೆಯ ಮೇಲೆ ಒಂದೊಂದು ಜೋಡಿಗೂ ಒಂದೊಂದು ಬೋರ್ಡು, ಅದಕ್ಕೆ ಬೇರೆಯದೇ ಮೇನ್. ನನ್ನ ಸರದಿ ಮುಗಿದು ಅವಳದು ನಡೆಯುತ್ತಿತ್ತು. ಎರಡೂ ಕೈಯಲ್ಲಿ ಸಿಪ್ಪೆ ಸುಲಿದ ತಾಮ್ರದ ತಂತಿಗಳನ್ನು ಹಿಡಿದಿದ್ದಳು. ಆಗಲೇ ಅವಳ ಗಂಡ ಒಳಗೆ ಬಂದ. ನೀಟಾಗಿ ತಲೆ ಬಾಚಿದ್ದ. ಶರ್ಟಿನ ಕಾಲರಿನಲ್ಲಿ ಇಸ್ತ್ರಿಯ ಗೆರೆ ಇತ್ತು. ಯಾರನ್ನೂ ಮಾತಾಡಿಸದೆ ನೇರ ನಮ್ಮ ಮೇನ್ ಡಬ್ಬಿಯ ಹತ್ತಿರ ಹೋಗಿ ಹಿಡಿಯನ್ನು ಮೇಲಕ್ಕೆ ತಳ್ಳಿದ.

"ಕರೆಂಟು ಕಲಿಯೋಕೆ ಬಂದಿದ್ದೀಯಲ್ಲ, ಕಲಿ" ಎಂದ.

ಏನೂ ಆಗಲಿಲ್ಲ. ಅವನು ಹಿಡಿಯನ್ನು ಇಳಿಸಿ ಮತ್ತೆ ತಳ್ಳಿದ. ಪಕ್ಕದಲ್ಲೇ ಫ್ಯೂಸಿನ ಜಾಗ ಖಾಲಿ ಬಾಯಿ ಬಿಟ್ಟುಕೊಂಡಿತ್ತು. ಈ ಕೆಲಸ ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುವುದಿಲ್ಲ. ಅವಳು ತಂತಿ ಹಿಡಿದುಕೊಂಡೇ ಅವನನ್ನು ನೋಡುತ್ತಿದ್ದಳು. ಸಾಯದೆ ನಿಂತದ್ದೇ ದೊಡ್ಡ ಉದ್ಧಟತನ ಎಂಬಂತೆ ಅವನ ಮುಖ ಕೆಂಪಾಯಿತು.

ಜುಟ್ಟು ಹಿಡಿದೆಳೆದು ಅವಳ ಮುಖವನ್ನು ಬೋರ್ಡಿಗೆ ಅಪ್ಪಳಿಸಿದ. ಬಲಗೈಯನ್ನು ಮೇನ್ ಡಬ್ಬಿಯ ಅಂಚಿಗೆ ಒತ್ತಿ ಹಿಡಿದು ಕಬ್ಬಿಣದ ಬಾಗಿಲನ್ನು ಬಡಿದ. ಮತ್ತೊಮ್ಮೆ ಬಡಿದ. ಹಸಿ ಕ್ಯಾರೆಟ್ ಮುರಿದಂಥ ಸದ್ದು ಬಂತು.

ಕೆಳಗೆ ಬಿದ್ದಿದ್ದ ಕಬ್ಬಿಣದ ಪೈಪು ನನ್ನ ಕೈಗೆ ಬಂತು. ಅವನ ಮೊಣಕಾಲಿನ ಹಿಂದಕ್ಕೆ ಹೊಡೆದೆ. ಬಿದ್ದವನು ಏಳಲು ಹೋದಾಗ ಭುಜಕ್ಕೆ ಹೊಡೆದೆ. ಮಕ್ಕಳಿಗೂ ಕೈಯೆತ್ತದ ನನಗೆ ಆ ಪೈಪು ಭಾರ ಎನ್ನಿಸಲೇ ಇಲ್ಲ. ಹೆಂಗಸರು ಅವನ ಮೇಲೆ ಕುಳಿತರು. ಫ್ರೇಜರ್ ಟೌನಿನವಳೊಬ್ಬಳು ಚಪ್ಪಲಿ ಕಳಚಿ ಬಾಯಿಗೆ ಬಾರಿಸಿದಳು. ಅವನು ಅವಳ ಮಣಿಕಟ್ಟನ್ನು ಕಚ್ಚಿ ರಕ್ತ ಬರಿಸಿದ. ಉಸ್ತಾದ್ ಉಳಿದ ವೈರಿನಲ್ಲಿ ಅವನ ಕೈಗಳನ್ನು ಹಿಂದಕ್ಕೆ ಕಟ್ಟಿದರು. ಪೊಲೀಸರು ಬಂದು ಎಳೆದೊಯ್ಯುವವರೆಗೂ ಅವನು ಹೆಂಡತಿಯನ್ನು ಹೇಗೆ ಕೊಲ್ಲುತ್ತೇನೆಂದು ವಿವರಿಸುತ್ತಲೇ ಇದ್ದ.

ಪರೀಕ್ಷೆಗೆ ಬಂದಿದ್ದ ಅಧಿಕಾರಿ ಅಂಕಪಟ್ಟಿಯನ್ನು ಮಡಚಿಟ್ಟರು. ಮೊದಲು ಆಸ್ಪತ್ರೆಗೆ ಹೋಗಲಿ, ಮುಂದಿನ ಬ್ಯಾಚಿನಲ್ಲಿ ಕೂರಿಸೋಣ ಎಂದರು. ಅವಳು ಮೂಗಿನ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು.

"ಇವತ್ತು ಒಳಗೆ ಹಾಕಿದ್ರೂ ನಾಳೆ ಬಂದ್ಬಿಡ್ತಾನೆ. ಮುಂದಿನ ಬ್ಯಾಚ್ ತನಕ ನಾನು ಅವನ ಮನೇಲೇ ಇರ್ಬೇಕಾಗುತ್ತೆ ಸಾರ್."

ಅವನು ಏರಿಸಿಬಿಟ್ಟಿದ್ದ ಮೇನ್ ಹಿಡಿಯನ್ನು ಎಡಗೈಯಿಂದ ಇಳಿಸಿದಳು. ಅವಳು ಬೋರ್ಡಿನ ಮುಂದೆ ಹೋಗಿ ನಿಂತಳು. ಬಲಗೈಯನ್ನು ಎದೆಗೊತ್ತಿಕೊಂಡು, ಎಡಗೈಯಲ್ಲಿ ಸ್ಕ್ರೂ ತಿರುಗಿಸಿದಳು. ಕೊನೆಯ ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದಳು. ಬಿಳಿಯ ಸ್ವಿಚ್ಚಿನ ಮೇಲೆ ಬೆರಳಿನ ಕೆಂಪು ಗುರುತುಗಳು. ಮುಗಿದಾಗ ಏಪ್ರನ್ನಿನ ಜೇಬಿನಿಂದ ಫ್ಯೂಸನ್ನು ತೆಗೆದಳು. ನಾನು ಹಾಕಿಕೊಡಲೇ ಎಂದು ಕೈ ಚಾಚಿದೆ.

"ಬೇಡ ಅಕ್ಕಾ" ಎಂದು ಪಕ್ಕಕ್ಕೆ ಸರಿದು, ಫ್ಯೂಸನ್ನು ತಾನೇ ಒತ್ತಿ ಕೂರಿಸಿ ಮೇನ್ ಏರಿಸಿದಳು.

ಬೋರ್ಡಿನ ಬಲ್ಬು ಹತ್ತಿತು. ಅಧಿಕಾರಿ ಆ ಸ್ವಿಚ್ಚನ್ನು ತಾವೇ ಒಮ್ಮೆ ಆರಿಸಿ ಹಾಕಿ ನೋಡಿ, ಪಾಸು ಎಂದರು. ಉಸ್ತಾದ್ ಮೂಲೆಯಲ್ಲಿ ನಿಂತು ಕಂಟ್ರಾಕ್ಟರಿಗೆ ಫೋನು ಮಾಡಿದರು. ಕೈ ವಾಸಿಯಾಗುವ ತನಕ ಸಾಮಾನು ಎತ್ತಿಕೊಡುವ ಕೆಲಸಕ್ಕೆ ನಿಲ್ಲಲಿ, ಸೋಮವಾರವೇ ಬರಲಿ ಎಂದನಂತೆ.

ಆಸ್ಪತ್ರೆಯಲ್ಲಿ ಮೂರು ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿದರು. ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟು, ಅವಳನ್ನು ನಮ್ಮ ಮನೆಗೇ ಕರೆತಂದೆ. ಕುಳಿತಲ್ಲೇ ನಿದ್ದೆ ಹೋದಳು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದಾಗ ಪಕ್ಕದ ಮನೆಯಾಕೆ ನನ್ನ ಸೀರೆಯ ಮೇಲಿನ ಕಲೆ ನೋಡಿ ಏನೆಂದು ವಿಚಾರಿಸಿದರು. ನಡೆದದ್ದೆಲ್ಲ ಹೇಳಿದೆ. ಅವರು ಟವೆಲ್ಲನ್ನು ಒದರಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡರು.

"ಅಯ್ಯೋ ಪಾಪ. ಅವಳು ಇವತ್ತೊಂದಿನ ಮನೇಲೇ ಇದ್ಬಿಟ್ಟಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ, ಅಲ್ವೇನ್ರೀ?"