ಗುಮಾನಿ ಮೇಷ್ಟ್ರ ಉಪ್ಪು ಕಾಫಿ

ನಮ್ಮ ಗುಮಾನಿ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳು, ಇಟ್ಟದ್ದರಲ್ಲಿ ತಪ್ಪೇನಿಲ್ಲ. ಲಿಫ್ಟನ್ನು ನಂಬುತ್ತಿರಲಿಲ್ಲ, ಬ್ಯಾಂಕಿನ ಮೆಸೇಜನ್ನು ನಂಬುತ್ತಿರಲಿಲ್ಲ. ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದ ಮೇಲೆ ಮತ್ತೆ ಜಗ್ಗಿ ಬರಲು ಹೆಂಡತಿಯನ್ನು ಹತ್ತಿಸುತ್ತಿದ್ದರು. ಅನುಮಾನ ಪಡಲೆಂದೇ ಸಂಶೋಧನಾ ಸಂಸ್ಥೆಯೊಂದು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನುಷ್ಯ.

ಕಂಪ್ಯೂಟರು ನಡೆಸುವ ಪಂಪು, ಬಾಯ್ಲರುಗಳಿಗೆ ಕಳ್ಳರು ಕೈಹಾಕದಂತೆ ಕಾಯುವುದು ಅವರ ಸಂಶೋಧನೆ. ಜಾಣ ಕಳ್ಳ ಏನನ್ನೂ ಒಡೆಯುವುದಿಲ್ಲವಂತೆ. ಎಲ್ಲ ಸರಿಯಿದ್ದ ದಿನದ ಅಂಕಿಗಳನ್ನು ಕದ್ದಿಟ್ಟುಕೊಂಡು ಅವನ್ನೇ ದಿನವೂ ಪರದೆಯ ಮೇಲೆ ಓಡಿಸುತ್ತಾನೆ. ಪರದೆಯಲ್ಲಿ ಎಲ್ಲ ಕ್ಷೇಮ. ಹಿಂದೆ ಟ್ಯಾಂಕು ತುಂಬಿ ಹರಿಯುತ್ತಿರುತ್ತದೆ. ಇದಕ್ಕೆ ಮೇಷ್ಟ್ರ ಮದ್ದು: ಆಗಾಗ ಯಾರಿಗೂ ಹೇಳದೆ ವಾಲ್ವನ್ನು ತುಸು ತಿರುಗಿಸಿ ನೋಡಬೇಕು. ಮೀಟರಿನ ಮುಳ್ಳು ಅಲುಗದಿದ್ದರೆ ಅದು ಸುಳ್ಳು ಹೇಳುತ್ತಿದೆ. ಊಟಕ್ಕೆ ಕೂತಾಗಲೆಲ್ಲ ಇದನ್ನೇ ಕೊರೆದೂ ಕೊರೆದೂ, ಶಾಲೆಯಲ್ಲಿ ಗಣಿತ ಹೇಳಿಕೊಡುವ ಹೆಂಡತಿಗೆ ಬಾಯಿಪಾಠವಾಗಿತ್ತು.

ಕೊನೆಕೊನೆಗೆ ಮೇಷ್ಟ್ರು ಇಳಿದುಹೋಗಿದ್ದರು. ಬೆಲ್ಟಿಗೆ ಹೊಸ ತೂತು ಬಿತ್ತು. ಕೇಳಿದರೆ, "ನಾನು ಚೆನ್ನಾಗೇ ಇದ್ದೀನಿ." ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ ರಾಗ. ಡಾಕ್ಟರ ಮಾತೆತ್ತಿದರೆ, "ನೀರು ಸರಬರಾಜಿನವರಿಗೆ ಪ್ರಯೋಗ ತೋರಿಸೋದಿದೆ, ಆಮೇಲೆ." ಜಗತ್ತನ್ನೆಲ್ಲ ಅನುಮಾನಿಸಿದ ಮಹಾನುಭಾವರು, ಹೆಂಡತಿ ಮಾತ್ರ ತಮ್ಮನ್ನು ಕಣ್ಣುಮುಚ್ಚಿ ನಂಬಲಿ ಅಂದುಕೊಂಡಿದ್ದರು.

ಒಂದು ಸಂಜೆ ಆಕೆ ಕಾಫಿಗೆ ಸಕ್ಕರೆಯ ಬದಲು ಉಪ್ಪು ಸುರಿದು ಕೊಟ್ಟರು. ಮೇಷ್ಟ್ರು ಲೋಟ ಖಾಲಿ ಮಾಡಿದರು.

"ಹೇಗಿತ್ತು?"

"ಚೆನ್ನಾಗಿತ್ತು ಕಣೇ."

"ಉಪ್ಪು ಹಾಕಿದ್ದೆ ಕಣ್ರೀ. ನಿಮ್ಮ ಮುಳ್ಳು ಅಲುಗಲೇ ಇಲ್ವಲ್ಲ!"

ಮೇಷ್ಟ್ರು ಲೋಟದೊಳಗೆ ಇಣುಕಿದರು. "ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರೋ ಹಾಗಿಲ್ಲ."

"ಇನ್ನೊಂದು ಲೋಟ ತರ್ಲಾ, ಇಲ್ಲ ಚಪ್ಪಲಿ ಹಾಕ್ಕೊಂಡು ಹೊರಡ್ತೀರಾ?"

ಹೊರಟರು. "ಎಂದಿನಿಂದ ಹೀಗೆ?" ಎಂದು ಡಾಕ್ಟರು ಕೇಳಿದಾಗ "ಚೆನ್ನಾಗೇ..." ಎಂದು ಶುರುಮಾಡಿ, ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯತ್ತ ನೋಡಿ ನಿಲ್ಲಿಸಿದರು. "ಹೋದ ವರ್ಷದಿಂದ." ಬಾಯಿರುಚಿ ಸತ್ತದ್ದು, ಡಬ್ಬಿ ಊಟ ಪ್ರಯೋಗಾಲಯದ ಕಾವಲುಗಾರನಿಗೆ ದಾಟುತ್ತಿದ್ದದ್ದು, ಎಲ್ಲ ಹೊರಬಂತು. ತಿಳಿಯದೆ ಅಲ್ಲ, ತಿಳಿದೂ ತಿಳಿದೂ ಮುಚ್ಚಿಟ್ಟಿದ್ದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಬಹಳ ತಡವಾಗಿದೆ ಎಂದರು ಡಾಕ್ಟರು.

ವಾರ್ಡಿಗೆ ಸಂಸ್ಥೆಯ ನಿರ್ದೇಶಕರು ಹೂಗುಚ್ಛ ಹಿಡಿದು ಬಂದರು. "ಬೇಗ ಹುಷಾರಾಗ್ರಿ, ಪ್ರಯೋಗ ನಿಂತುಹೋಗಿದೆ." ಅವರಿಗೂ ಮೇಷ್ಟ್ರದು ಅದೇ ರಾಗ. ನಿರ್ದೇಶಕರು ಬಾಗಿಲು ದಾಟಿದ ಮೇಲೆ ಹೆಂಡತಿಗೆ ಮೆಲ್ಲಗೆ ಅಂದರು:

"ನೋಯ್ತಿದೆ ಕಣೇ."

"ಎಲ್ಲಿ?"

ಎಲ್ಲಿ ಶುರುವಾಗಿ ಎಲ್ಲಿಗೆ ಹರಿಯುತ್ತದೆ, ಯಾವ ಮಗ್ಗುಲಿಗೆ ಹೆಚ್ಚು, ಎಲ್ಲ ಹೇಳಿದರು. ತಪ್ಪಿದಲ್ಲಿ ತಾವೇ ತಿದ್ದಿಕೊಂಡರು.

"ಇದನ್ನ ಮೊದಲೇ ಬಾಯಿಬಿಡೋಕೆ ನಿಮಗೇನು ಧಾಡಿಯಾಗಿತ್ತು?"

"ಹೇಳಿದ್ರೆ ಪ್ರಯೋಗ ನಿಲ್ಲಿಸಿಬಿಡ್ತಿದ್ದೆ ನೀನು."

"ನಿಲ್ಲಿಸ್ತಿದ್ದೆ," ಎಂದ ಆಕೆ ಅವರ ಊದಿದ ಪಾದಕ್ಕೆ ಬೆರಳೊತ್ತಿ, ಬಿದ್ದ ಗುಳಿ ತುಂಬಿಕೊಳ್ಳುವುದನ್ನೇ ನೋಡುತ್ತ ಕೂತರು.