ಹೋಳಿಗೆಯ ಕೆಳಗಿನ ಹಾಳೆ

ಸೂರತ್‌ನ ಅಡಾಜಣ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು ವಿಮಾ ಕಚೇರಿಯಿಂದ ನಿವೃತ್ತರಾದ ಮಂಗಳೂರಿಗರು. ಪ್ರತಿ ಕ್ರಿಸ್ಮಸ್ಸಿಗೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪರದೇಶದ ರಾಯಭಾರಿಯ ಗಾಂಭೀರ್ಯದಿಂದ ನಮ್ಮ ಬಾಗಿಲು ತಟ್ಟುತ್ತಿದ್ದರು. ಕೈಯಲ್ಲಿ ರೋಸ್ ಕುಕೀಸ್ ತುಂಬಿದ ಸ್ಟೀಲ್ ತಟ್ಟೆ, ಕಂಕುಳಲ್ಲಿ ಕನ್ನಡ ಸುವಾರ್ತೆಯ ಕಿರುಪುಸ್ತಕ.

"ಒಮ್ಮೆ ಓದಿ ನೋಡಿ ಮಾರಾಯ್ರೇ. ಅವಸರ ಇಲ್ಲ."

"ಓದ್ತೀನಿ ಸಾರ್, ಖಂಡಿತ ಓದ್ತೀನಿ."

ಅವರ ಚರ್ಚಿನಲ್ಲಿ ಎಲ್ಲವೂ ಗುಜರಾತಿ. ಹೆಂಡತಿ ತೀರಿಕೊಂಡ ಮೇಲೆ ತಮ್ಮ ದೇವರ ವಿಷಯ ಕನ್ನಡದಲ್ಲಿ ಹೇಳಿಕೊಳ್ಳಲು ಅವರಿಗೆ ಉಳಿದಿದ್ದವರು, ಕಟ್ಟಡದ ಏಕೈಕ ಕನ್ನಡ ಕುಟುಂಬವಾದ ನಾವು. ಕುಕೀಸಿನ ಮಟ್ಟಿಗೆ ನಾವು ಅವರನ್ನು ಎಂದೂ ನಿರಾಶೆಗೊಳಿಸಲಿಲ್ಲ. ಪುಸ್ತಕಗಳನ್ನು ಸಕಲ ಮರ್ಯಾದೆಯೊಂದಿಗೆ ಹಳೆಯ ಪೇಪರುಗಳ ಮೇಲೆ ಇಡುತ್ತಿದ್ದೆವು.

ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ. ಒಂದು ಯುಗಾದಿಯಂದು ಅದರಲ್ಲಿ ಹೋಳಿಗೆ ಇಟ್ಟು ನಾನೇ ಕೊಂಡೊಯ್ದೆ. ಅವರು ಬಾಗಿಲಲ್ಲೇ ನಿಂತು ಆಸೆಯಿಂದ ಒಂದನ್ನು ಎತ್ತಿದರು. ತುಪ್ಪ ಹೀರಲೆಂದು ನಾನು ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹರಿದು ಹಾಸಿದ್ದ ಹಾಳೆ, ಅವರ ಪುಸ್ತಕದ್ದು. ಅದನ್ನು ನಾನು ಗಮನಿಸಿದ್ದೂ ಆಗಲೇ.

ಅವರು ಹಾಳೆಯನ್ನು ಎಳೆದು ಒರೆಸಿ, ನಾಲ್ಕಾಗಿ ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡರು.

"ಹೋಳಿಗೆ ಲಾಯ್ಕ ಆಗಿದೆ," ಎಂದರು.

ಮುಂದಿನ ಕ್ರಿಸ್ಮಸ್ಸಿಗೂ ಬಂದರು. ಅಂಗಿಗೆ ಇಸ್ತ್ರಿಯಾಗಿತ್ತು. ಕಂಕುಳು ಖಾಲಿ.

"ಪುಸ್ತಕ ಎಲ್ಲಿ ಸಾರ್?" ಎಂದು ನಗಲು ನೋಡಿದೆ.

"ಬೇಡ ಮಾರಾಯ್ರೇ, ನಿಮಗೆ ಯಾಕೆ ತೊಂದ್ರೆ?"

ಕುಕೀಸ್ ಎಂದಿನಷ್ಟೇ ಇದ್ದವು. ಆದರೆ ಈ ಸಲ ಬಂದದ್ದು ಕಾಗದದ ತಟ್ಟೆಯಲ್ಲಿ. ಹಿಂದಿರುಗಿಸುವ ಪ್ರಶ್ನೆಯೇ ಇರಲಿಲ್ಲ.