ಅಕ್ಕನ ಹೆಸರಿನ ಹೊಂಡ

ಅಮೆರಿಕದ ಶುಗರ್ ಲ್ಯಾಂಡ್‌ನಲ್ಲಿ ನಮ್ಮ ಪಕ್ಕದ ಮನೆಗೆ ಆಸ್ಟ್ರೇಲಿಯಾದ ಮೂಲನಿವಾಸಿ ತಾಯಿ, ಮಗಳು ಬಂದಿದ್ದರು. ಮಗಳು ನರ್ಸ್. ತಾಯಿ ಚಿತ್ರ ಬರೆಯುವವರು. ಹಿರಿಯ ಹೆಂಗಸರನ್ನು ನಮ್ಮಂತೆ ಅವರೂ ಆಂಟಿ ಎಂದೇ ಕರೆಯುತ್ತಾರೆ; ಮೊದಲ ದಿನವೇ ನನಗೂ ಅವರು ಆಂಟಿಯಾದರು.

ಗ್ಯಾರೇಜಿನ ನೆಲದ ಮೇಲೆ ಕ್ಯಾನ್‌ವಾಸ್ ಹಾಸಿ, ಕಡ್ಡಿಯಿಂದ ಚುಕ್ಕಿ ಇಡುತ್ತಾ ಕಥೆ ಹೇಳುತ್ತಿದ್ದರು. ಮರುಭೂಮಿಯಲ್ಲಿ ನೀರಿನ ಹೊಂಡಕ್ಕೆ ಕಾವಲಿದ್ದ ಅಕ್ಕತಂಗಿಯರ ಕಥೆ. ಕೇಳಲು ಮಗಳಿಗೆ ಪುರುಸೊತ್ತಿರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಹಳ ಕಷ್ಟಪಟ್ಟು ಓದಿದವಳು. ಬರೆದಿಟ್ಟದ್ದೇ ಉಳಿಯುವುದು ಎಂದು ನಂಬಿದ್ದೆ. ಆ ಮಗಳಿಗಾಗಿ ಎಂದು ನೋಟ್‌ಬುಕ್ ಹಿಡಿದು ಕೂತೆ.

"ಪೆನ್ನು ಕೆಳಗಿಡು. ಕಿವಿ ಇರೋದು ಓಲೆ ಹಾಕೋಕಾ?" ಎಂದು ಆಂಟಿ ತಮ್ಮ ಇಂಗ್ಲಿಷಿನಲ್ಲಿ ಛೇಡಿಸುತ್ತಿದ್ದರು.

"ನಾಳೆ ನೀವು ಮರೆತರೆ, ಆಂಟಿ?"

"ಊರಲ್ಲಿ ನಮ್ಮಕ್ಕ ಇದ್ದಾಳಲ್ಲ. ಒಂದು ಮಾತು ತಪ್ಪಿದ್ರೂ ಫೋನಲ್ಲೇ ಬೈತಾಳೆ."

ಆ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ನನಗೆ ತೋಚಿದ್ದು ನಮ್ಮ ಮನೆಯ ಪದ್ಧತಿ. ಆಂಟಿ ಹಿಂದೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಅಕ್ಕನ ಫೋಟೋಗೆ ಕಟ್ಟು ಹಾಕಿಸಿ, ಇಂಡಿಯನ್ ಅಂಗಡಿಯಿಂದ ತಂದ ಗಂಧದ ಹಾರ ತೊಡಿಸಿ ಗ್ಯಾರೇಜಿಗೆ ಒಯ್ದೆ. ಅಕ್ಕನ ಹೆಸರು ಹೇಳಿ ಕೈಮುಗಿದೆ.

ಆಂಟಿ ಗೋಡೆಯ ಕಡೆ ತಿರುಗಿಬಿಟ್ಟರು. ಮಗಳು ಓಡಿಬಂದು ಫೋಟೋ ಬೋರಲು ಹಾಕಿದಳು.

"ಸತ್ತವರ ಮುಖ ನಾವು ನೋಡಲ್ಲ. ಹೆಸರೂ ಹೇಳಲ್ಲ."

"ನನಗೆ ಗೊತ್ತಿರಲಿಲ್ಲ."

"ಗೊತ್ತಾಗೋದು ಹೇಗೆ? ನೀನು ಕೇಳ್ತಿರಲಿಲ್ಲ, ಬರೀತಿದ್ದೆ," ಎಂದರು ಆಂಟಿ, ಗೋಡೆ ನೋಡುತ್ತಲೇ.

ಕಥೆಯ ಆ ಹೊಂಡಕ್ಕೂ ಆಂಟಿಯ ಅಕ್ಕನಿಗೂ ಒಂದೇ ಹೆಸರು. ನೋಟ್‌ಬುಕ್ಕಿನಲ್ಲಿ ಅದನ್ನೆಲ್ಲ ಅಳಿಸು ಎಂದು ಹೇಳಿ ಕಳಿಸಿದರು. ಮಾರ್ಕರ್ ಹಿಡಿದು ಪುಟಪುಟದಲ್ಲೂ ಆ ಹೆಸರನ್ನು ಕಪ್ಪು ಮಾಡಿದೆ. ಹೊಂಡಕ್ಕೆ ಬೇರೆ ಪದ ಇಟ್ಟು ಕಥೆ ಮುಂದುವರಿಸುವ ರೂಢಿ ಅವರಲ್ಲಿದೆಯಂತೆ. ಆದರೆ ಆಂಟಿ ಮತ್ತೆ ನನ್ನೆದುರು ಕೂರಲಿಲ್ಲ. ಚಳಿಗಾಲಕ್ಕೆ ಮೊದಲೇ ಊರಿಗೆ ಹೋದರು, ಅಲ್ಲೇ ತೀರಿಕೊಂಡರು.

ಮಣ್ಣು ಮಾಡಿ ಬಂದ ಮಗಳು ನಮ್ಮ ಅಡುಗೆಮನೆಯಲ್ಲಿ ನಿಂತು ನೋಟ್‌ಬುಕ್ ತಿರುವಿದಳು. ಕೊನೆಯ ಸಾಲಿನಲ್ಲಿ ಕಥೆಯ ಅಕ್ಕ ಬೆಂಕಿ ತರಲು ಹೋಗಿದ್ದಳು, ತಂಗಿ ನೀರಿನ ಹತ್ತಿರ ಒಬ್ಬಳೇ ಕೂತಿದ್ದಳು.

"ಆಮೇಲೆ?"

"ಅಷ್ಟೇ ಹೇಳಿದ್ದು."

ಅವಳು ಖಾಲಿ ಪುಟಗಳನ್ನೂ ಒಂದೊಂದಾಗಿ ತಿರುವಿದಳು.